ಹೊಸ ಮಾದರಿಗೆ ಕಾಯುವುದೇ, ಹೋಗುತ್ತಿರುವ ಮಾದರಿಯನ್ನು ಕೊಳ್ಳುವುದೇ, ಇರುವ ಕಾರನ್ನೇ ರೀಮ್ಯಾಪ್ ಮಾಡಿಸುವುದೇ? ಬೆಂಗಳೂರಿನವರಿಗೆ ಒಂದು ಹೋಲಿಕೆ

ಚಿಕ್ಕ ಕಾರನ್ನು ಆರೇಳು ವರ್ಷ ಓಡಿಸಿದವರ ಮುಂದೆ ಮೂರು ದಾರಿಗಳು ನಿಲ್ಲುತ್ತವೆ. ಅದೇ ಕಾರಿನ ಹೊಸ ತಲೆಮಾರು ಬರುವವರೆಗೆ ಕಾಯಬಹುದು. ಹೊಸದು ಬರುವ ಮುನ್ನ ಶೋರೂಂಗಳು ರಿಯಾಯಿತಿಗೆ ಬಿಟ್ಟುಕೊಡುವ ಹಳೆಯ ಮಾದರಿಯನ್ನು ಕೊಳ್ಳಬಹುದು. ಇಲ್ಲವೇ ಇರುವ ಕಾರನ್ನೇ ಉಳಿಸಿಕೊಂಡು, ಅದರ ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರಿನ ತಂತ್ರಾಂಶವನ್ನು ಬದಲಿಸಿ, ಅಂದರೆ ರೀಮ್ಯಾಪ್ ಮಾಡಿಸಿ, ಪಿಕಪ್ ಹೆಚ್ಚಿಸಿಕೊಳ್ಳಬಹುದು. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಅಪರೂಪ. ಕಾರು ಕೊಳ್ಳುವ ಮಾತು ಬಂದಾಗ ಮುಂಭಾಗದ ಗ್ರಿಲ್, ದೀಪ, ಟಚ್‌ಸ್ಕ್ರೀನ್‌ಗಳ ಚರ್ಚೆಯೇ ಹೆಚ್ಚಾಗುತ್ತದೆ. ರೀಮ್ಯಾಪ್ ಮಾತು ಬಂದಾಗ ಅಶ್ವಶಕ್ತಿಯ ಲೆಕ್ಕವೊಂದೇ ಉಳಿಯುತ್ತದೆ. ನನ್ನ ಅನುಭವದಲ್ಲಿ ನಿರ್ಧಾರವು ನಿಲ್ಲಬೇಕಾದುದು ಬೇರೆ ಎರಡು ಪ್ರಶ್ನೆಗಳ ಮೇಲೆ: ಕಾರಿನ ಎಂಜಿನ್ ಯಾವ ವರ್ಷ ಬದಲಾಯಿತು, ಮತ್ತು ಅದರ ದೇಹದ ಕಟ್ಟು ಯಾವ ವರ್ಷ ಬದಲಾಯಿತು.

ಈ ಎರಡು ವರ್ಷಗಳು ಒಂದೇ ಆಗಿರಬೇಕೆಂದೇನೂ ಇಲ್ಲ ಎಂಬುದಕ್ಕೆ ಮಾರುತಿ ಸ್ವಿಫ್ಟ್‌ನ ಇತಿಹಾಸವೇ ಸಾಕು. ಸ್ವಿಫ್ಟ್ ನಮ್ಮಲ್ಲಿಗೆ ಬಂದದ್ದು 2005ರಲ್ಲಿ, 1.3 ಲೀಟರಿನ ಪೆಟ್ರೋಲ್ ಎಂಜಿನ್‌ನೊಂದಿಗೆ. ಎರಡನೆಯ ತಲೆಮಾರು 2011ರಲ್ಲಿ, ಮೂರನೆಯದು 2018ರಲ್ಲಿ, ನಾಲ್ಕನೆಯದು 2024ರ ಮೇ ತಿಂಗಳಲ್ಲಿ ಬಂದವು. ಅಂದರೆ ಸುಮಾರು ಆರು ವರ್ಷಕ್ಕೊಂದು ಹೊಸ ಕಾರು, ನಡುವೆ 2014 ಮತ್ತು 2021ರಲ್ಲಿ ಒಂದೊಂದು ಫೇಸ್‌ಲಿಫ್ಟ್, ಅಂದರೆ ಮುಖ್ಯವಾಗಿ ಹೊರನೋಟದ ತಿದ್ದುಪಡಿ. ಆದರೆ ಪೆಟ್ರೋಲ್ ಎಂಜಿನ್ ಬದಲಾದದ್ದು ಈ ತಾಳಕ್ಕೆ ಹೊಂದಿಕೊಂಡಲ್ಲ. 1.3 ಲೀಟರ್ ಹೋಗಿ 1.2 ಲೀಟರಿನ ಕೆ-ಸೀರೀಸ್ ಎಂಜಿನ್ ಬಂದದ್ದು 2010ರಲ್ಲಿ, ಹೊಸ ಆಕಾರಕ್ಕಿಂತ ಒಂದು ವರ್ಷ ಮೊದಲೇ. 2018ರ ಹೊಸ ಕಾರಿನಲ್ಲಿ ಹೆಚ್ಚುಕಡಿಮೆ ಹಳೆಯ ಎಂಜಿನ್ನೇ, 83 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿಯದು, ಮುಂದುವರಿಯಿತು. ಡ್ಯುಯಲ್‌ಜೆಟ್ ಎಂಬ 90 ಪಿಎಸ್ ಎಂಜಿನ್ ಬಂದದ್ದು ಮೂರು ವರ್ಷದ ನಂತರದ ಫೇಸ್‌ಲಿಫ್ಟ್‌ನಲ್ಲಿ, ನೋಡುವವರ ಕಣ್ಣಿಗೆ ಗ್ರಿಲ್ ಮಾತ್ರ ಬದಲಾದಂತೆ ಕಂಡ ಕಾರಿನಲ್ಲಿ. 2024ರ ತಲೆಮಾರಿನಲ್ಲಿ ನಾಲ್ಕು ಸಿಲಿಂಡರ್ ಹೋಗಿ ಮೂರು ಸಿಲಿಂಡರಿನ ಎಂಜಿನ್ ಬಂತು. ಅದರ ಶಕ್ತಿ ಸುಮಾರು 82 ಪಿಎಸ್, ಟಾರ್ಕ್, ಅಂದರೆ ತಿರುಗಿಸುವ ಬಲ, 112 ನ್ಯೂಟನ್ ಮೀಟರ್. ಹೊಸ ತಲೆಮಾರಿಗಾಗಿ ಕಾದವರಿಗೆ ಕಾಗದದ ಮೇಲೆ ಎಂಟು ಪಿಎಸ್ ಕಡಿಮೆಯೇ ಸಿಕ್ಕಿತು. ಬದಲಿಗೆ ಸಿಕ್ಕದ್ದು ಮ್ಯಾನ್ಯುಯಲ್ ಗೇರಿನಲ್ಲಿ ಲೀಟರಿಗೆ 24.8 ಕಿಲೋಮೀಟರ್ ಎಂಬ ಘೋಷಿತ ಮೈಲೇಜ್, ಎಲ್ಲ ಆವೃತ್ತಿಗಳಲ್ಲೂ ಆರು ಏರ್‌ಬ್ಯಾಗ್, ಕಾರು ಜಾರದಂತೆ ಹಿಡಿದಿಡುವ ಇಎಸ್‌ಪಿ. ಇದು ಕೆಟ್ಟ ವ್ಯಾಪಾರವೆಂದು ನಾನು ಹೇಳುವುದಿಲ್ಲ. ಆದರೆ ಪಿಕಪ್‌ಗಾಗಿಯೇ ಕಾದಿದ್ದವರು ಬೇರೊಂದನ್ನು ಪಡೆದರು.

ಎಂಜಿನ್ ಬದಲಾಗುವುದಕ್ಕೆ ಕಾರಣ ಬಹುಪಾಲು ಸರ್ಕಾರದ ನಿಯಮಗಳ ಗಡುವು. ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್4 ನಿಯಮ 2010ರ ಏಪ್ರಿಲ್‌ನಲ್ಲಿ ಮೊದಲು ಬಂದ ಹದಿಮೂರು ನಗರಗಳಲ್ಲಿ ಬೆಂಗಳೂರೂ ಒಂದು. ಬಿಎಸ್6 ಇಡೀ ದೇಶಕ್ಕೆ ಅನ್ವಯವಾದದ್ದು 2020ರ ಏಪ್ರಿಲ್ 1ರಂದು, ಬಿಎಸ್5ನ್ನು ಬಿಟ್ಟು ನೇರವಾಗಿ. ಆ ಒಂದು ದಿನಾಂಕದ ಆಸುಪಾಸಿನಲ್ಲಿ ಮಾರುತಿಯ 1.3 ಲೀಟರ್ ಡೀಸೆಲ್, ಫೋಕ್ಸ್‌ವ್ಯಾಗನ್ ಪೋಲೋದ 1.2 ಟಿಎಸ್‌ಐ ಎಂಬ ಟರ್ಬೊ ಪೆಟ್ರೋಲ್ ಮತ್ತು ಡೀಸೆಲ್ ಎಂಜಿನ್‌ಗಳು, ಟಾಟಾದ ಟಿಯಾಗೊ ಜೆಟಿಪಿ, ಎಲ್ಲವೂ ಮರೆಯಾದವು. 2023ರ ಏಪ್ರಿಲ್‌ನಲ್ಲಿ ರಸ್ತೆಯ ಮೇಲೆ ನಿಜವಾಗಿ ಓಡುವಾಗಿನ ಹೊಗೆಯನ್ನು ಅಳೆಯುವ ಎರಡನೆಯ ಹಂತ ಬಂತು. ತೆರಿಗೆಯೂ ಹೀಗೆಯೇ ಕಾರನ್ನು ಕೆತ್ತುತ್ತದೆ. ನಾಲ್ಕು ಮೀಟರ್ ಉದ್ದದೊಳಗೆ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಒಳಗೆ ಇದ್ದರೆ ತೆರಿಗೆ ಕಡಿಮೆ ಎಂಬ ನಿಯಮ 2006ರಿಂದ ಇದೆ. 2008ರಲ್ಲಿ 4160 ಮಿಲಿಮೀಟರ್ ಇದ್ದ ಡಿಜೈರ್, ಅಂದರೆ ಸ್ವಿಫ್ಟ್‌ನ ಸೆಡಾನ್ ರೂಪ, 2012ರಲ್ಲಿ 3995ಕ್ಕೆ ಮೊಟಕಾದದ್ದು ಇದೇ ಕಾರಣಕ್ಕೆ. 2025ರ ಸೆಪ್ಟೆಂಬರ್ 22ರಿಂದ ಈ ವರ್ಗದ ಕಾರುಗಳಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದ ಮೇಲೆ ಆ ಗೆರೆಗಳು ಇನ್ನೂ ಗಟ್ಟಿಯಾಗಿವೆ. ಆದ್ದರಿಂದ ಮುಂದಿನ ತಲೆಮಾರಿನಲ್ಲಿ ದೊಡ್ಡ ಎಂಜಿನ್ ಬರಬಹುದೆಂದು ಕಾಯುವವರು ಬಹುಶಃ ಕಾಯುತ್ತಲೇ ಇರಬೇಕಾಗುತ್ತದೆ. ಬರುವುದಾದರೆ ಚಿಕ್ಕ ಟರ್ಬೊ ಎಂಜಿನ್ ಬರುತ್ತದೆ.

ಟರ್ಬೊ ಎಂಬ ಮಾತು ಬೆಂಗಳೂರಿನಲ್ಲಿ ಉಳಿದೆಡೆಗಿಂತ ಹೆಚ್ಚು ತೂಕದ್ದು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಶೇ. 9ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುವುದರಿಂದ, ಪುಸ್ತಿಕೆಯಲ್ಲಿ 90 ಪಿಎಸ್ ಎಂದಿರುವ ಕಾರು ಇಲ್ಲಿ ಕೊಡುವುದು 82ರ ಆಸುಪಾಸು. ಮಂಗಳೂರಿನಲ್ಲಿ ಚುರುಕಾಗಿ ಓಡುವ ಕಾರು ಘಾಟಿ ಹತ್ತಿ ಇಲ್ಲಿಗೆ ಬಂದ ಮೇಲೆ ಸುಸ್ತಾದಂತೆ ತೋರುವುದು ಭ್ರಮೆಯಲ್ಲ. ಟರ್ಬೊ ಎಂಜಿನ್ ಮಾತ್ರ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ನಷ್ಟದ ಬಹುಪಾಲನ್ನು ತುಂಬಿಕೊಳ್ಳುತ್ತದೆ. ಹೀಗಾಗಿ ಹ್ಯುಂಡೈ ಐ20ಯ 1.0 ಲೀಟರ್ ಟರ್ಬೊ ಎಂಜಿನ್‌ನ 172 ನ್ಯೂಟನ್ ಮೀಟರ್ ಟಾರ್ಕ್ ಮತ್ತು ಸಾಧಾರಣ 1.2 ಲೀಟರ್ ಎಂಜಿನ್‌ಗಳ 113ರ ನಡುವಿನ ಅಂತರವು ಸಿಲ್ಕ್ ಬೋರ್ಡ್ ಬಳಿ ಇಳಿದು ಹತ್ತುವಾಗ ಪುಸ್ತಿಕೆ ಹೇಳುವುದಕ್ಕಿಂತ ದೊಡ್ಡದಾಗಿಯೇ ಅನುಭವಕ್ಕೆ ಬರುತ್ತದೆ.

ರೀಮ್ಯಾಪ್‌ನ ಲೆಕ್ಕವೂ ಇಲ್ಲಿಂದಲೇ ಶುರುವಾಗುತ್ತದೆ. ಎಂಜಿನ್ನಿಗೆ ಯಾವ ಕ್ಷಣದಲ್ಲಿ ಎಷ್ಟು ಇಂಧನ, ಎಷ್ಟು ಬೇಗ ಕಿಡಿ, ಟರ್ಬೊ ಇದ್ದರೆ ಎಷ್ಟು ಒತ್ತಡ ಎಂಬುದನ್ನು ಇಸಿಯುನಲ್ಲಿರುವ ಕೋಷ್ಟಕಗಳು ನಿರ್ಧರಿಸುತ್ತವೆ. ಕಂಪನಿಯವರು ಈ ಕೋಷ್ಟಕಗಳನ್ನು ಬರೆಯುವಾಗ ಕಳಪೆ ಪೆಟ್ರೋಲ್, ರಾಜಸ್ಥಾನದ ಬೇಸಿಗೆ, ಎಣ್ಣೆ ಬದಲಿಸದ ಮಾಲೀಕ, ಹೊಗೆಯ ನಿಯಮ, ಮೈಲೇಜ್ ಘೋಷಣೆ, ಇವೆಲ್ಲವನ್ನೂ ಗಮನದಲ್ಲಿಟ್ಟು ಒಂದಿಷ್ಟು ಶಕ್ತಿಯನ್ನು ಕೈಬಿಟ್ಟಿರುತ್ತಾರೆ. ಆ ಕೈಬಿಟ್ಟದ್ದರಲ್ಲಿ ಒಂದು ಭಾಗವನ್ನು ಮರಳಿ ಪಡೆಯುವುದೇ ರೀಮ್ಯಾಪ್. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ನಲ್ಲಿ ಹಾಗೆ ಪಡೆಯಲು ಉಳಿದಿರುವುದು ಬಹಳ ಅಲ್ಪ. ಎಷ್ಟೇ ತಿದ್ದಿದರೂ ಗಾಳಿ ಹೆಚ್ಚಾಗುವುದಿಲ್ಲವಾದ್ದರಿಂದ, ಕೊಟ್ಟ ಹಣಕ್ಕೆ ಸಿಗುವುದು ಆಕ್ಸಿಲರೇಟರ್ ಒತ್ತಿದಾಗ ಬೇಗ ತೆರೆದುಕೊಳ್ಳುವ ಥ್ರಾಟಲ್‌ನ ಚುರುಕು ಮಾತ್ರ. ಕೆ-ಸೀರೀಸ್ ಸ್ವಿಫ್ಟ್, ಬಲೆನೊ, ಟಿಯಾಗೊ ಇಟ್ಟುಕೊಂಡವರು ಇದಕ್ಕೆ ಹಣ ಸುರಿಯಬಾರದೆಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಟರ್ಬೊ ಪೆಟ್ರೋಲ್ ಮತ್ತು ಟರ್ಬೊ ಡೀಸೆಲ್‌ಗಳಲ್ಲಿ ಕತೆ ಬೇರೆ: ಬಿಡಿಭಾಗ ಏನನ್ನೂ ಬದಲಿಸದೆ ಮಾಡುವ ಸ್ಟೇಜ್ 1 ರೀಮ್ಯಾಪ್‌ನಿಂದ ಶೇ. 15ರಿಂದ 25ರವರೆಗೆ ಶಕ್ತಿ ಹೆಚ್ಚಾಗುವುದು ಸಾಮಾನ್ಯ.

ಆದರೆ ಕಂಪನಿಯೇ ಒಂದು ಎಂಜಿನ್ನಿನ ಶಕ್ತಿ ಹೆಚ್ಚಿಸುವಾಗ ಏನು ಮಾಡುತ್ತದೆ ಎಂಬುದನ್ನು ಗಮನಿಸಬೇಕು. ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲಿ 75 ಪಿಎಸ್, 190 ನ್ಯೂಟನ್ ಮೀಟರ್ ಕೊಡುತ್ತಿತ್ತು. ಅದೇ ಎಂಜಿನ್ ಎರ್ಟಿಗಾ ಮತ್ತು ಸಿಯಾಝ್‌ಗಳಲ್ಲಿ 90 ಪಿಎಸ್, 200 ನ್ಯೂಟನ್ ಮೀಟರ್ ಕೊಟ್ಟಿತು. ಈ ಹದಿನೈದು ಪಿಎಸ್ ಬಂದದ್ದು ತಂತ್ರಾಂಶದಿಂದ ಮಾತ್ರವಲ್ಲ. ಸ್ವಿಫ್ಟ್‌ನಲ್ಲಿದ್ದ ಸ್ಥಿರ ರೆಕ್ಕೆಯ ಟರ್ಬೊ ಬದಲು ರೆಕ್ಕೆಗಳ ಕೋನ ಬದಲಾಗುವ ಟರ್ಬೊವನ್ನು ಅವರು ಹಾಕಿದ್ದರು. ಲ್ಯಾಪ್‌ಟಾಪ್ ಮಾತ್ರ ಹಿಡಿದು ಅದೇ ಅಂಕಿಯನ್ನು ಮುಟ್ಟಿಸುವವರು ಹಳೆಯ ಟರ್ಬೊ, ಹಳೆಯ ಕ್ಲಚ್‌ಗಳ ಮೇಲೆ ಆ ಹೊರೆಯನ್ನು ಹಾಕುತ್ತಿದ್ದಾರೆ ಎಂದೇ ಅರ್ಥ. 2000 ಆರ್‌ಪಿಎಂ ಕೆಳಗೆ ಆ ಎಂಜಿನ್ ಮಂಕಾಗಿರುವ ದೋಷವು ರೀಮ್ಯಾಪ್‌ನಿಂದ ತುಸು ಕಡಿಮೆಯಾಗುತ್ತದೆಯೇ ಹೊರತು ಹೋಗುವುದಿಲ್ಲ, ಏಕೆಂದರೆ ಟರ್ಬೊ ಬದಲಾಗಿಲ್ಲ.

ಇದನ್ನು ನಾನು ಕೈಯಾರೆ ಕಲಿತೆ. ನನ್ನ ಹಳೆಯ ಡೀಸೆಲ್ ಹ್ಯಾಚ್‌ಬ್ಯಾಕನ್ನು ನಗರದ ಒಂದು ಗ್ಯಾರೇಜಿನಲ್ಲಿ ರೀಮ್ಯಾಪ್ ಮಾಡಿಸಿದ್ದೆ. ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ತಂತಿ ಸಿಕ್ಕಿಸಿ, ಬರೆಯುವ ನಡುವೆ ವೋಲ್ಟೇಜ್ ಬೀಳಬಾರದೆಂದು ಬ್ಯಾಟರಿಗೆ ಚಾರ್ಜರ್ ಕಟ್ಟಿ, ದೀಪ ಮತ್ತು ಬ್ಲೋವರ್ ಎಲ್ಲವನ್ನೂ ಆರಿಸಿ ಕುಳಿತಿದ್ದರು. ಒಂದು ಗಂಟೆಯೊಳಗೆ ಕೆಲಸ ಮುಗಿಯಿತು. ಮೊದಲ ದಿನವೇ ಮೂರನೆಯ ಗೇರಿನಲ್ಲಿ ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ಎರಡನೆಯದಕ್ಕೆ ಇಳಿಸಬೇಕಾಗಿ ಬರಲಿಲ್ಲ, ಅದರ ಸಂತೋಷ ನಿಜವಾದದ್ದು. ಒಂದು ವರ್ಷ ಕಳೆದ ಮೇಲೆ ನಂದಿ ಬೆಟ್ಟದ ತಿರುವಿನಲ್ಲಿ, ಕಾರಿನ ತುಂಬ ಜನ ಕುಳಿತಿದ್ದಾಗ, ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೇರಿತು, ಕಾರು ಮಾತ್ರ ಅದೇ ವೇಗದಲ್ಲಿತ್ತು. ಹಿಂದೆಯೇ ಸುಟ್ಟ ವಾಸನೆ ಬಂತು. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಬದಲಿಸಬೇಕಾಯಿತು. ಮೂಲ ತಂತ್ರಾಂಶಕ್ಕೆ ಹಿಂದಿರುಗೋಣವೆಂದರೆ ಆ ಗ್ಯಾರೇಜಿನವರ ಬಳಿ ನನ್ನ ಕಾರಿನ ಮೂಲ ಫೈಲ್ ಉಳಿದಿರಲಿಲ್ಲ. ಹೆಚ್ಚಿದ ಟಾರ್ಕ್ ಮೊದಲು ಮುರಿಯುವುದು ಎಂಜಿನ್ನನ್ನಲ್ಲ, ಅದರ ಹಿಂದೆ ಕುಳಿತ ಕ್ಲಚ್ಚನ್ನು, ಅದರಲ್ಲೂ ಅರ್ಧ ಕ್ಲಚ್ಚಿನಲ್ಲೇ ದಿನ ಕಳೆಯುವ ಈ ಊರಿನಲ್ಲಿ. ಆದ್ದರಿಂದ ಯಾರೇ ಮಾಡಿಸಲಿ, ಮೊದಲು ಓದಿಕೊಂಡ ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯದೆ ಕೀಲಿ ಕೈಗೆ ತೆಗೆದುಕೊಳ್ಳಬಾರದು.

ಆಟೊಮ್ಯಾಟಿಕ್ ಗೇರಿನವರು ಗೇರ್‌ಬಾಕ್ಸಿನ ಮಿತಿಯನ್ನು ತಿಳಿದುಕೊಂಡೇ ಮುಂದುವರಿಯಬೇಕು. ಹಳೆಯ ಪೋಲೋ ಜಿಟಿ ಟಿಎಸ್‌ಐನಲ್ಲಿದ್ದ ಏಳು ಗೇರಿನ, ಒಣ ಕ್ಲಚ್‌ನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮಿತಿ 250 ನ್ಯೂಟನ್ ಮೀಟರ್. ಕಾರಿನ ಮೂಲ ಟಾರ್ಕ್ 175. ಲೆಕ್ಕದಲ್ಲಿ ಜಾಗ ಇದೆ, ಆದರೆ ಟ್ರಾಫಿಕ್ಕಿನಲ್ಲಿ ಅದೇ ಗೇರ್‌ಬಾಕ್ಸ್ ಬಿಸಿಯಾಗುತ್ತದೆ. ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್‌ಗಳಿಗೆ ಇನ್ನೊಂದು ಅಪಾಯವಿದೆ: ಕಡಿಮೆ ಆರ್‌ಪಿಎಂನಲ್ಲಿ ಪೂರ್ಣ ಒತ್ತಡ ಕೇಳಿದರೆ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್‌ಗೆ ಪೆಟ್ಟು ಬೀಳಬಹುದು. 1500 ಆರ್‌ಪಿಎಂನಲ್ಲೇ ಟಾರ್ಕ್ ಸುರಿಸುವಂತೆ ಬರೆದ ಮ್ಯಾಪ್ ಚಾಲನೆಗೆ ಹಿತವೆನಿಸಿದರೂ, ಅದು ಸರಿಯಾದ ದರ್ಜೆಯ ಎಣ್ಣೆಯನ್ನು, ಹೆಚ್ಚು ಆಕ್ಟೇನಿನ ಪೆಟ್ರೋಲನ್ನು ಬೇಡುತ್ತದೆ. ಆ ಪೆಟ್ರೋಲಿನ ಹೆಚ್ಚುವರಿ ಬೆಲೆಯನ್ನು ಪ್ರತಿ ಲೀಟರಿಗೂ, ಕಾರು ಇರುವಷ್ಟು ದಿನವೂ ಕೊಡಬೇಕು. ರೀಮ್ಯಾಪ್‌ನ ನಿಜವಾದ ವೆಚ್ಚದಲ್ಲಿ ಇದನ್ನು ಸೇರಿಸುವವರು ಕಡಿಮೆ. ಇಂಧನದ ಸಂಜ್ಞೆಗಳನ್ನು ಮಾತ್ರ ಸುಳ್ಳಾಗಿಸಿ ಕೆಲಸ ಮಾಡುವ ಟ್ಯೂನಿಂಗ್ ಬಾಕ್ಸ್‌ಗಳನ್ನು ಬಿಚ್ಚಿಡಬಹುದು ಎಂಬುದೊಂದೇ ಅನುಕೂಲ. ಗುಣದಲ್ಲಿ ಅವು ಸರಿಯಾದ ರೀಮ್ಯಾಪ್‌ಗೆ ಸಮನಲ್ಲ.

ಕಾನೂನಿನ ವಿಷಯವನ್ನು ಮುಚ್ಚಿಡುವುದು ಓದುಗರಿಗೆ ಅನ್ಯಾಯ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಡೀಸೆಲ್‌ನಲ್ಲಿ ಇಂಧನ ಹೆಚ್ಚಿಸಿ ಕಪ್ಪು ಹೊಗೆ ಬರಿಸುವುದು, ಬಿಎಸ್6 ಕಾರಿನ ಡಿಪಿಎಫ್ ಎಂಬ ಹೊಗೆ ಸೋಸುಕವನ್ನು ಕಿತ್ತುಹಾಕುವುದು, ಇವು ಮಾಲಿನ್ಯ ನಿಯಮದ ನೇರ ಉಲ್ಲಂಘನೆ. ವರ್ಷಕ್ಕೊಮ್ಮೆಯ ಎಮಿಷನ್ ಟೆಸ್ಟಿನ ಪ್ರಶ್ನೆ ಒಂದು ಕಡೆಗಿರಲಿ, ಹಿಂದೆ ಬರುವ ಸ್ಕೂಟರಿನವರ ಮುಖಕ್ಕೆ ಆ ಹೊಗೆ ಬಡಿಯುತ್ತದೆ. ಅಂಥದ್ದನ್ನು ಮಾಡಿಕೊಡುತ್ತೇವೆ ಎನ್ನುವ ಗ್ಯಾರೇಜಿನಿಂದ ಎದ್ದು ಬರುವುದೇ ಸರಿ. ವಾರಂಟಿ ಇರುವ ಕಾರನ್ನು ರೀಮ್ಯಾಪ್ ಮಾಡಿಸಿದರೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ವಾರಂಟಿಗೆ ಎಳ್ಳುನೀರು ಬಿಟ್ಟಂತೆ. ಎಷ್ಟು ಬಾರಿ ಬರೆಯಲಾಗಿದೆ ಎಂಬ ಎಣಿಕೆಯನ್ನು ಹಲವು ಇಸಿಯುಗಳು ತಾವೇ ಇಟ್ಟುಕೊಳ್ಳುತ್ತವೆ, ಫೋಕ್ಸ್‌ವ್ಯಾಗನ್ ಸಮೂಹದಲ್ಲಿ ಅಂಥ ಕಾರಿನ ದಾಖಲೆಗೆ ಟಿಡಿ1 ಎಂಬ ಗುರುತೇ ಬೀಳುತ್ತದೆ. ವಿಮಾ ಕಂಪನಿಗೆ ಬದಲಾವಣೆಯನ್ನು ಲಿಖಿತವಾಗಿ ತಿಳಿಸದಿದ್ದರೆ ಅಪಘಾತದ ದಿನ ಕ್ಲೈಮ್ ತಿರಸ್ಕೃತವಾಗಬಹುದು.

ಇಷ್ಟೆಲ್ಲ ತೊಡಕಿದ್ದರೂ ರೀಮ್ಯಾಪ್ ಕಡೆ ಜನ ವಾಲುವುದಕ್ಕೆ ಕರ್ನಾಟಕದ ಜೀವಿತಾವಧಿ ತೆರಿಗೆ ಒಂದು ಕಾರಣವೆಂದು ನನಗನ್ನಿಸುತ್ತದೆ. ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ತೆರಿಗೆ ಶೇ. 14, ಅದರ ಮೇಲೆ ಶೇ. 11ರ ಸೆಸ್. ಎಂಟು ಲಕ್ಷದ ಕಾರಿಗೆ ಇದೇ ಸುಮಾರು 1.24 ಲಕ್ಷ ರೂಪಾಯಿ, ವಿಮೆ ಬೇರೆ. ಈ ಹಣ ಕಾರಿನೊಳಗೆ ಎಲ್ಲೂ ಕಾಣುವುದಿಲ್ಲ, ಮಾರುವಾಗ ಹಿಂದಿರುಗುವುದೂ ಇಲ್ಲ. ಇದರ ಮೂರನೆಯ ಒಂದು ಭಾಗದೊಳಗೆ ಸ್ಟೇಜ್ 1 ರೀಮ್ಯಾಪ್ ಮುಗಿಯುತ್ತದೆ.

ಹೋಗುತ್ತಿರುವ ಮಾದರಿಯನ್ನು ಕೊಳ್ಳುವವರು ರಿಯಾಯಿತಿಯ ಎದುರಿಗೆ ಸವಕಳಿಯನ್ನು, ಅಂದರೆ ವರ್ಷ ಕಳೆದಂತೆ ಇಳಿಯುವ ಬೆಲೆಯನ್ನು, ಇಟ್ಟು ನೋಡಬೇಕು. ವಿಮೆಯ ಲೆಕ್ಕದಲ್ಲಿ ಆರು ತಿಂಗಳೊಳಗಿನ ಕಾರಿಗೆ ಸವಕಳಿ ಶೇ. 5, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ, ಮಾದರಿಯೇ ಹಳೆಯದಾಗಿಬಿಟ್ಟಾಗ, ಬೆಲೆ ಇದಕ್ಕಿಂತ ಬೇಗ ಇಳಿಯುತ್ತದೆ. ಆರು ವರ್ಷದ ಮೇಲೆ ಇಟ್ಟುಕೊಳ್ಳುವವರಿಗೆ ಈ ನಷ್ಟ ಕರಗಿಹೋಗುತ್ತದೆ, ಮೂರು ವರ್ಷಕ್ಕೆ ಮಾರುವವರಿಗೆ ಅದು ರಿಯಾಯಿತಿಯನ್ನು ನುಂಗಿಬಿಡುತ್ತದೆ. ಆಯುಧಪೂಜೆಯ ಮುಹೂರ್ತಕ್ಕೆ ಕಾರು ಬರಬೇಕೆಂದು ಅವಸರಪಡುವವರು ತಯಾರಾದ ತಿಂಗಳನ್ನು ನೋಡದೆ ಸಹಿ ಹಾಕುವುದುಂಟು. ಬುಕ್ ಮಾಡುವಾಗಲೇ ಚಾಸಿಸ್ ಸಂಖ್ಯೆ ಮತ್ತು ತಯಾರಿಕೆಯ ತಿಂಗಳನ್ನು ಬರವಣಿಗೆಯಲ್ಲಿ ಕೇಳಿ. ಈ ದಾರಿಗೆ ಒಂದು ಒಳ್ಳೆಯ ಗುಣವಿದೆ: ಆರು ವರ್ಷ ಮಾರಾಟವಾದ ಮಾದರಿಯ ಮೊದಲ ವರ್ಷದ ದೋಷಗಳು ಅಷ್ಟರಲ್ಲಿ ಸರಿಹೋಗಿರುತ್ತವೆ, ಅದರ ಬಿಡಿಭಾಗ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತದೆ. 2023ರ ಕೊನೆಯಲ್ಲಿ ನಾಲ್ಕು ಸಿಲಿಂಡರಿನ 90 ಪಿಎಸ್ ಸ್ವಿಫ್ಟ್ ಕೊಂಡವರು, ಚಾಲನೆಯ ದೃಷ್ಟಿಯಿಂದ ಮಾತ್ರ ನೋಡಿದರೆ, ಜಾಣತನವನ್ನೇ ತೋರಿದರು.

ಚಾಲನೆಯ ದೃಷ್ಟಿಯಿಂದ ಮಾತ್ರ ಎಂದೆ. ಏಕೆಂದರೆ ದೇಹದ ಕಟ್ಟಿನ ಪ್ರಶ್ನೆ ಬಂದಾಗ ತಕ್ಕಡಿ ಹೊಸ ತಲೆಮಾರಿನ ಕಡೆ ಪೂರ್ತಿ ವಾಲುತ್ತದೆ. 2018ರ ಸ್ವಿಫ್ಟ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಐದಕ್ಕೆ ಎರಡು ನಕ್ಷತ್ರ, 2022ರಲ್ಲಿ ಬಿಗಿಯಾದ ನಿಯಮದಡಿ ಮತ್ತೆ ಪರೀಕ್ಷಿಸಿದಾಗ ಒಂದೇ ನಕ್ಷತ್ರ ಸಿಕ್ಕಿತು. 2024ರ ನವೆಂಬರ್‌ನಲ್ಲಿ ಬಂದ ಹೊಸ ಡಿಜೈರ್‌ಗೆ ಅದೇ ಸಂಸ್ಥೆ ವಯಸ್ಕರ ಸುರಕ್ಷತೆಗೆ ಐದು ನಕ್ಷತ್ರ ಕೊಟ್ಟಿತು. ಎರಡನೆಯ ತಲೆಮಾರಿನಿಂದ ಮೂರನೆಯದಕ್ಕೆ ಬರುವಾಗ ಸ್ವಿಫ್ಟ್‌ನ ತೂಕ 85 ಕಿಲೋದವರೆಗೆ ಇಳಿದಿತ್ತು. ಆ ಇಳಿಕೆ ಪಿಕಪ್, ಮೈಲೇಜ್, ಬ್ರೇಕ್ ಮೂರಕ್ಕೂ ಒಮ್ಮೆಲೇ ನೆರವಾಗುತ್ತದೆ, ಕ್ಲಚ್‌ಗೆ ಹೊರೆಯಾಗುವುದಿಲ್ಲ. ಯಾವ ಲ್ಯಾಪ್‌ಟಾಪೂ ಕಾರಿಗೆ ನಾಲ್ಕು ಏರ್‌ಬ್ಯಾಗ್ ಸೇರಿಸಲಾರದು. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುವ ಮನೆಯವರಿಗೆ ನನ್ನ ಸಲಹೆ ಇದೊಂದೇ: ಕಾಯಿರಿ, ಹೊಸ ಕಟ್ಟಿನ ಕಾರನ್ನೇ ಕೊಳ್ಳಿ, ಎಂಟು ಪಿಎಸ್ ಹೋದರೆ ಹೋಗಲಿ.

ಕಾಯುವುದಕ್ಕೂ ಮಿತಿ ಬೇಕು. 2010ರಲ್ಲಿ ನಮ್ಮಲ್ಲಿಗೆ ಬಂದ ಪೋಲೋದ ಮುಂದಿನ ತಲೆಮಾರು 2017ರಲ್ಲಿ ಯುರೋಪಿನಲ್ಲಿ ಬಿಡುಗಡೆಯಾಯಿತು. ಅದಕ್ಕಾಗಿ ಇಲ್ಲಿ ಅನೇಕರು ಕಾದರು. ಅದು ಬರಲೇ ಇಲ್ಲ, 2022ರಲ್ಲಿ ಹಳೆಯದೇ ನಿಂತುಹೋಯಿತು. ಆದರೆ ಅದರ ಕೊನೆಯ ವರ್ಷಗಳ 1.0 ಟಿಎಸ್‌ಐ, 110 ಪಿಎಸ್ ಮತ್ತು 175 ನ್ಯೂಟನ್ ಮೀಟರಿನದು, ಇವತ್ತಿಗೂ ರೀಮ್ಯಾಪ್‌ಗೆ ತಕ್ಕ ಕಾರು. ವಾರಂಟಿ ಮುಗಿದ, ಟರ್ಬೊ ಇರುವ, ಸರ್ವಿಸ್ ದಾಖಲೆ ಪೂರ್ತಿ ಇರುವ ಇಂಥ ಕಾರು ಇದ್ದು, ಒಬ್ಬರೋ ಇಬ್ಬರೋ ಓಡಾಡುವವರಾದರೆ, ನಿಯಮ ಮತ್ತು ವಿಮೆಯ ವಿಷಯವನ್ನು ಮೊದಲೇ ಬಗೆಹರಿಸಿಕೊಂಡು, ಶೇ. 15ಕ್ಕೆ ನಿಲ್ಲುವ ಸೌಮ್ಯ ಮ್ಯಾಪ್ ಬರೆಸಿಕೊಳ್ಳುವುದನ್ನು ನಾನು ಒಪ್ಪುತ್ತೇನೆ. ಅದಕ್ಕಿಂತ ಮೇಲಕ್ಕೆ ಹೋಗಿ ಪಡೆಯುವುದೇನಿದೆ? ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೂ ಕಾರಿನ ವೇಗಮಿತಿ ಗಂಟೆಗೆ 100 ಕಿಲೋಮೀಟರ್, ಕ್ಯಾಮೆರಾಗಳು ಇವೆ. ಕಾರು ಹದಿನೈದು ವರ್ಷದ ಹತ್ತಿರ ಬಂದಿದ್ದರೆ ಮರುನೋಂದಣಿಯ ಖರ್ಚು, ಫಿಟ್‌ನೆಸ್ ತಪಾಸಣೆ ಎದುರಿಗಿರುವಾಗ ರೀಮ್ಯಾಪ್ ಯೋಚನೆಯನ್ನು ಬಿಡಿ.

ಯಾವ ದಾರಿ ಹಿಡಿದರೂ ಪರೀಕ್ಷಾ ಚಾಲನೆಯನ್ನು ಭಾನುವಾರ ಬೆಳಗಿನ ಖಾಲಿ ರಸ್ತೆಯಲ್ಲಿ ಮಾಡಬೇಡಿ. ಸಂಜೆ ಆರರ ಹೊತ್ತಿಗೆ ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಒಂದು ಮೇಲ್ಸೇತುವೆಯ ಏರಿನ ನಡುವೆ ವಾಹನಗಳು ನಿಂತಾಗ ನೀವೂ ನಿಲ್ಲಿ. ಮುಂದಿನ ಗಾಡಿ ಕದಲಿದಾಗ ಎರಡನೆಯ ಗೇರಿನಲ್ಲಿ ಕಾರು ತಡವರಿಸದೆ ಏರುತ್ತದೆಯೇ, ಮೊದಲನೆಯದಕ್ಕೆ ಇಳಿಸಬೇಕೇ ಎಂಬುದನ್ನು ಗಮನಿಸಿ, ಅದೇ ಏರಿನಲ್ಲಿ ಈಗಿರುವ ನಿಮ್ಮ ಕಾರನ್ನೂ ಮಾರನೆಯ ದಿನ ಅದೇ ಹೊತ್ತಿಗೆ ಓಡಿಸಿ ನೋಡಿ.